ಮಗಳ ಬೆನ್ನು ತೋರಿಸಲು ಊರಿನ ರಜೆಗೆ ಕಾಯಬೇಡಿ

ಹನ್ನೆರಡು ವರ್ಷದ ಮಗಳ ಬೆನ್ನು ಬಾಗಿದ ಹಾಗೆ ಕಾಣುತ್ತದೆ, ಜುಲೈಯಲ್ಲಿ ಹುಬ್ಬಳ್ಳಿಗೆ ಹೋದಾಗ ತೋರಿಸಲೇ ಎಂದು ಕೇಳಿದ್ದೀರಿ. ಅಲ್ಲಿಯ ತನಕ ಕಾಯಬೇಡಿ ಅಕ್ಕಾ. ಈ ವಾರವೇ ನಿಮ್ಮ ಇಂಗ್ಲೆಂಡಿನ ಜಿಪಿ (ಕುಟುಂಬ ವೈದ್ಯರು) ಹತ್ತಿರ ಹೋಗಿ, ಮಕ್ಕಳ ಬೆನ್ನುಮೂಳೆ ತಜ್ಞರಿಗೆ ರೆಫರಲ್, ಅಂದರೆ ಶಿಫಾರಸು ಪತ್ರ, ಬರೆಸಿಕೊಳ್ಳಿ. ಸರದಿ ಬರಲು ತಡವಾಗಬಹುದು, ಹೆಸರಾದರೂ ಸೇರಲಿ.

ಅವಸರ ಯಾಕೆಂದರೆ, ಹುಡುಗಿಯರು ಮುಟ್ಟು ಶುರುವಾಗುವ ಮುಂಚೆ ಸರಸರ ಎತ್ತರವಾಗುತ್ತಾರೆ. ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು, ಹೆಚ್ಚುವ ಭಯವೂ ಆಗಲೇ ಜಾಸ್ತಿ. ಧಾರವಾಡದಲ್ಲಿ ನಮ್ಮ ಅಣ್ಣನ ಮಗಳಿಗೆ ಇದು ಕಂಡಿದ್ದು ದೀಪಾವಳಿಯ ಎಣ್ಣೆಸ್ನಾನದ ದಿನ. ಎಣ್ಣೆ ಹಚ್ಚುವಾಗ ವೈನಿಯ ಕೈಗೆ ಒಂದು ಕಡೆ ಬೆನ್ನು ಉಬ್ಬಿದ್ದು ಸಿಕ್ಕಿತು. ಈ ವಯಸ್ಸಿನ ಮಕ್ಕಳ ಬೆನ್ನನ್ನು ನಾವು ನೋಡುವುದೇ ಕಡಿಮೆ ಅಲ್ವಾ? ಕಾಲು ಜೋಡಿಸಿ, ಮೊಣಕಾಲು ಮಡಚದೆ ಮುಂದಕ್ಕೆ ಬಾಗಲು ಹೇಳಿ ಹಿಂದಿನಿಂದ ನೋಡಿ. ಒಂದು ಕಡೆ ಎತ್ತರ ಕಂಡರೆ ಎಕ್ಸ್‌ರೇ ಬೇಕೇ ಎಂದು ವೈದ್ಯರನ್ನು ಕೇಳಿ.

ಅಣ್ಣನ ಮನೆಯಲ್ಲೂ ಹಿರಿಯರು ‘ನೆಟ್ಟಗ ಕುಂದ್ರವಾ, ಸರಿ ಹೋಗ್ತೈತಿ’ ಎಂದರು. ಕೂರುವ ರೀತಿಯಿಂದಲೋ ಶಾಲೆಯ ಚೀಲದಿಂದಲೋ ಇದು ಬರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಕಾರಣವೇ ಗೊತ್ತಾಗುವುದಿಲ್ಲ. ಮಗುವನ್ನು ಸುಮ್ನೆ ಗದರಬೇಡಿ. ಎಣ್ಣೆ ತಿಕ್ಕಿ, ಎಳೆದು ನೆಟ್ಟಗೆ ಮಾಡುತ್ತೇವೆ ಎನ್ನುವವರ ಹತ್ತಿರವಂತೂ ಕರೆದೊಯ್ಯಬೇಡಿ.

ನಿಂತು ತೆಗೆದ ಪೂರ್ತಿ ಬೆನ್ನಿನ ಎಕ್ಸ್‌ರೇಯಲ್ಲಿ ಬೆನ್ನುಮೂಳೆ ಎಷ್ಟು ಬಾಗಿದೆ ಎಂದು ತೋರಿಸುವ ಕಾಬ್ ಕೋನ ಅಳೆಯುತ್ತಾರೆ. 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್. ಸುಮಾರು 25ರ ತನಕ ಕಾದು ನೋಡುತ್ತಾರೆ. ಅಲ್ಲಿಂದ 40–45ರ ತನಕ, ಬೆಳವಣಿಗೆ ಬಾಕಿ ಇದ್ದರೆ ಬ್ರೇಸ್, ಅಂದರೆ ಮೈಗೆ ಕಟ್ಟುವ ಗಟ್ಟಿ ಕವಚ. 45–50 ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು. 2013ರಲ್ಲಿ ಪ್ರಕಟವಾದ ಅಮೆರಿಕ–ಕೆನಡಾ ಅಧ್ಯಯನದಲ್ಲಿ ಬ್ರೇಸ್ ಹಾಕಿದವರಲ್ಲಿ 72%, ಬರೀ ಕಾದು ನೋಡಿದವರಲ್ಲಿ 48% ಮಕ್ಕಳು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ದಿನಕ್ಕೆ 13 ತಾಸಿಗಿಂತ ಜಾಸ್ತಿ ಹಾಕಿದವರಿಗೆ ಫಲ ಇನ್ನೂ ಹೆಚ್ಚು.

ಹಾಗಂತ ಹುಬ್ಬಳ್ಳಿಯಲ್ಲಿ ತೋರಿಸುವುದೇ ಬೇಡ ಎನ್ನುತ್ತಿಲ್ಲ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನಲ್ಲೂ (ಈಗಿನ ಹೆಸರು ಕೆಎಂಸಿಆರ್‌ಐ) ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಲ್ಲೂ ಮೂಳೆ ವಿಭಾಗ ಇದೆ, ಎರಡನೇ ಅಭಿಪ್ರಾಯ ಕೇಳಿ. ಮಕ್ಕಳ ಬೆನ್ನುಮೂಳೆಯನ್ನೇ ನೋಡುವ ವೈದ್ಯರು ಯಾರು, ಅವರು ಇಂಥ ಮಕ್ಕಳಿಗೆ ಎಷ್ಟು ಚಿಕಿತ್ಸೆ ಮಾಡಿದ್ದಾರೆ ಎಂದು ನೇರವಾಗಿ ವಿಚಾರಿಸಿ. ಬೇಕಾದರೆ ಬೆಂಗಳೂರಿಗೆ ಕಳಿಸುತ್ತಾರೆ. ಆದರೆ ರಜೆಯಲ್ಲಿ ಬ್ರೇಸ್ ಮಾಡಿಸಿಕೊಂಡು ವಾಪಸ್ ಹಾರಬೇಡಿ. ಮಗು ಬೆಳೆದ ಹಾಗೆ ಅದನ್ನು ಸರಿಪಡಿಸುತ್ತಾ ಇರಬೇಕು, ಕೆಲವು ತಿಂಗಳಿಗೊಮ್ಮೆ ಕೋನ ನೋಡಬೇಕು. ಅವಳು ಎಲ್ಲಿ ಬೆಳೆಯುತ್ತಾಳೋ ಅಲ್ಲಿಯ ವೈದ್ಯರೇ ಅದನ್ನು ನೋಡಿಕೊಳ್ಳಲಿ. ಹೋಗುವಾಗ ಬರೀ ವರದಿಯಲ್ಲ, ಎಕ್ಸ್‌ರೇ ಚಿತ್ರಗಳನ್ನೂ ಒಯ್ಯಿರಿ. ಅಳತೆಯಲ್ಲೇ ಸುಮಾರು 5 ಡಿಗ್ರಿ ಹೆಚ್ಚುಕಡಿಮೆ ಆಗುತ್ತದೆ. ಎರಡು ವರದಿ ಹೋಲಿಸಿ ಗಾಬರಿಯಾಗುವ ಬದಲು ಒಬ್ಬರೇ ವೈದ್ಯರು ಎರಡೂ ಚಿತ್ರ ಅಳೆಯಲಿ.

ಕಾಲಿಗೆ ಜೋಮು, ರಾತ್ರಿ ಎಬ್ಬಿಸುವ ನೋವು, ಮೂತ್ರದ ತೊಂದರೆ ಇದ್ದರೆ ರೆಫರಲ್‌ಗೂ ಕಾಯದೆ ತಕ್ಷಣ ತೋರಿಸಿ.

ಊರಿನವರಿಗೆ ಒಂದು ಮಾತು ಮೊದಲೇ ಹೇಳಿಡಿ: ಹುಡುಗಿಯ ಎದುರು ಮದುವೆಯ ಚಿಂತೆ ತೆಗೆಯುವುದು ಬೇಡ. ಈಜು, ಭರತನಾಟ್ಯ ಬಿಡಿಸುವುದೂ ಬೇಡ. ಆ ಹೊತ್ತಿಗೆ ಬ್ರೇಸ್ ತೆಗೆಯಬಹುದೇ ಎಂದು ವೈದ್ಯರನ್ನು ಕೇಳಿ, ಸಾಮಾನ್ಯವಾಗಿ ಹೂಂ ಎನ್ನುತ್ತಾರೆ.