ಬಜ್ಪೆ–ದುಬೈ ಹೋಗುವಾಗ 2:20, ಬರುವಾಗ 4:50? ಶೀಟ್‌ನಲ್ಲಿ ಎಲ್ಲಿ ತಪ್ಪಿದ್ದೇನೆ?

ಕಾಪು_ಕಡಲು:
ಮನೆಯವರೆಲ್ಲ ಹತ್ತಿದ ವಿಮಾನಗಳ ಲೆಕ್ಕ ಗೂಗಲ್ ಶೀಟ್‌ನಲ್ಲಿ ಬರೆದಿಡುವ ಹುಚ್ಚು ನನಗೆ. ಅಣ್ಣ ದುಬೈಯಲ್ಲಿರುವುದರಿಂದ ಅರ್ಧಕ್ಕರ್ಧ ಸಾಲು ಅದೇ ದಾರಿಯದ್ದು. ಅವನ ಟಿಕೆಟ್ ನೋಡಿ: ಬಜ್ಪೆಯಿಂದ (ಮಂಗಳೂರಿನ ವಿಮಾನ ನಿಲ್ದಾಣ) 23:10ಕ್ಕೆ ಹೊರಟು 01:30ಕ್ಕೆ ದುಬೈ. ಶೀಟ್ ಮೈನಸ್ 21:40 ತೋರಿಸ್ತದೆ, ಕೈಲೆಕ್ಕದಲ್ಲಿ 2:20. ಬರುವಾಗ 02:30ಕ್ಕೆ ಹೊರಟು 07:20ಕ್ಕೆ ಬಜ್ಪೆ, ಅಂದ್ರೆ 4:50. ಅದೇ ಸಮುದ್ರ ಅಲ್ವಾ ಮಾರಾಯ್ರೆ?

ದೂರವೂ ಸರಿ ಬರುದಿಲ್ಲ. ಮಂಗಳೂರು 12.96 ಉತ್ತರ, 74.89 ಪೂರ್ವ, ದುಬೈ 25.25, 55.36. ವ್ಯತ್ಯಾಸಗಳಿಗೆ ಪೈಥಾಗರಸ್ ಹಾಕಿ, ಒಂದು ಡಿಗ್ರಿಗೆ 111 ಕಿ.ಮೀ. ಅಂತ ಗುಣಿಸಿದರೆ 2561 ಕಿ.ಮೀ. ಎಲ್ಲ ಕಡೆ 2460ರ ಆಸುಪಾಸು ಅಂತ ಉಂಟು.

ಬಜ್ಪೆ_ದುರ್ಬೀನು:
ಟಿಕೆಟ್‌ನಲ್ಲಿ ಆಯಾ ಊರಿನ ಗಂಟೆ ಇರ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗುವಾಗ ಕೂಡಿಸಿ, ಬರುವಾಗ ಕಳೆಯಿರಿ: 3:50 ಮತ್ತು 3:20. ಮೈನಸ್ ಬಂದದ್ದು ನಡುರಾತ್ರಿ ದಾಟಿದ್ದಕ್ಕೆ. =MOD(B2-A2+1.5/24,1) ಹಾಕಿ, A2 ಹೊರಟ ಹೊತ್ತು, B2 ತಲುಪಿದ ಹೊತ್ತು; ಬರುವ ಸಾಲಿಗೆ +1.5 ಬದಲು -1.5. ಮಸ್ಕತ್, ಅಬುಧಾಬಿಗೂ 1.5 ಸಾಕು, ದೋಹಾ, ಕುವೈತ್, ಬಹರೈನ್‌ಗೆ 2.5.

ಮಣಿಪಾಲ_ತಾರಸಿ:
ದೂರದ ತಪ್ಪು ರೇಖಾಂಶದ್ದು. ರೇಖಾಂಶದ ಒಂದು ಡಿಗ್ರಿಗೆ 111 ಕಿ.ಮೀ. ಸಿಗುವುದು ಸಮಭಾಜಕದ ಮೇಲೆ ಮಾತ್ರ. ಉತ್ತರಕ್ಕೆ ಹೋದಷ್ಟೂ ರೇಖೆಗಳು ಹತ್ತಿರ ಬರ್ತವೆ. ಎರಡೂ ಊರಿನ ನಡುವಿನ ಅಕ್ಷಾಂಶ ಸುಮಾರು 19, ಅಲ್ಲಿ ಒಂದು ಡಿಗ್ರಿಗೆ 105 ಕಿ.ಮೀ. ಸಿಗುವುದು. ಉತ್ತರಕ್ಕೆ 1364, ಪಶ್ಚಿಮಕ್ಕೆ 2050. ಈಗ ಪೈಥಾಗರಸ್ ಹಾಕಿ, 2462 ಬರ್ತದೆ. ಟೋಕಿಯೊದಂಥ ದೂರದ ಊರಿಗೆ ಈ ಜುಗಾಡ್ ನಡೆಯುವುದಿಲ್ಲ, ಭೂಮಿ ಉರುಟು ಅಂತ ಹಿಡಿದು ದೂರ ತೆಗೆಯುವ ಹ್ಯಾವರ್‌ಸೈನ್ ಸೂತ್ರವೇ ಬೇಕು.

ಕಾಪು_ಕಡಲು:
ಹ್ಯಾವರ್‌ಸೈನ್ ಹಾಕಿದೆ. 4500 ದಾಟಿತು!

ಮಣಿಪಾಲ_ತಾರಸಿ:
ಡಿಗ್ರಿಯನ್ನು ಹಾಗೇ ಕೊಟ್ಟಿದ್ದೀರಿ. ಶೀಟ್‌ನ ಸೈನ್, ಕೋಸ್‌ಗೆ ರೇಡಿಯನ್ (ಕೋನದ ಇನ್ನೊಂದು ಅಳತೆ) ಬೇಕು. ಪ್ರತಿ ಕೋನವನ್ನೂ RADIANS ಫಂಕ್ಷನ್ ಒಳಗೆ ಹಾಕಿ. ಎಲ್ಲರೂ ಒಮ್ಮೆ ಬೀಳುವ ಗುಂಡಿ ಇದು, ನಾನು ಎರಡು ಸಲ ಬಿದ್ದಿದ್ದೇನೆ.

ಕಾಪು_ಕಡಲು:
2460! ಆದ್ರೆ 3:50, 3:20 ನಡುವೆ ಇನ್ನೂ ಅರ್ಧ ಗಂಟೆ ಉಳೀತಲ್ಲ?

ಬಜ್ಪೆ_ದುರ್ಬೀನು:
ಅದು ಗಾಳಿ. ಮೇಲೆ, ಮುಖ್ಯವಾಗಿ ಚಳಿಗಾಲದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಬೀಸ್ತದೆ. ಹೋಗುವಾಗ ಎದುರು, ಬರುವಾಗ ಬೆನ್ನಿಗೆ. ಗಂಟೆಗೆ 850 ಕಿ.ಮೀ. ಹಿಡಿದರೆ 2460ಕ್ಕೆ ಮೂರು ಗಂಟೆಯೂ ಬೇಡ. ಉಳಿದದ್ದು ಏರುವುದು, ಇಳಿಯುವುದು, ರನ್‌ವೇವರೆಗೆ ತೆವಳುವುದು. ಟಿಕೆಟ್‌ನ ಹೊತ್ತಿನಲ್ಲಿ ಅದೆಲ್ಲ ಸೇರಿದೆ. ಆ ಹೊತ್ತಿನಿಂದ ದೂರವನ್ನು ಭಾಗಿಸಿ ವೇಗ ತೆಗೆಯಲು ಹೋಗಬೇಡಿ.

ಕಾಪು_ಕಡಲು:
ಈಗಾಗಲೇ ತೆಗೆದಿದ್ದೆ, ಆ ಕಾಲಂ ಅಳಿಸಿದೆ. ತಮಾಷೆ ಎಂತ ಗೊತ್ತುಂಟಾ, ನಮ್ಮ ಅಡುಗೆಮನೆಯಲ್ಲಿ ಅಮ್ಮ ಇನ್ನೊಂದು ಗಡಿಯಾರ ನೇತುಹಾಕಿದ್ದಾರೆ, ಅಣ್ಣನಿಗೆ ಫೋನ್ ಮಾಡ್ಲಿಕ್ಕೆ ಅಂತ ಒಂದೂವರೆ ಗಂಟೆ ಹಿಂದೆ ಇಟ್ಟದ್ದು. ಅದರ ಕೆಳಗೇ ಕೂತು ಈ ಶೀಟ್ ಮಾಡಿದ್ದು ನಾನು.