ಕನ್ಸರ್ವೆನ್ಸಿ ಗಲ್ಲಿಯ ಮೂಲ ಅಗಲ ಯಾವ ಹಳೆಯ ಕಡತದಲ್ಲಿ ಸಿಗುತ್ತದೆ?

ಹಿತ್ತಲಬಾಗಿಲು (ಪ್ರಶ್ನೆ):
ಮೈಸೂರಿನ ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂ ಕಡೆ ಎರಡು ಸಾಲು ಮನೆಗಳ ಹಿತ್ತಲ ನಡುವೆ ಹಾದುಹೋಗುವ ಕನ್ಸರ್ವೆನ್ಸಿ ಗಲ್ಲಿಗಳನ್ನು (ಹಿಂದೆ ಮಲ, ಕಸ ಸಾಗಿಸಲು ಬಿಟ್ಟ ಓಣಿಗಳನ್ನು) ಅಳೆದು ದಾಖಲಿಸುವ ಕೆಲಸ ನಡೆದಿದೆ. ಒಂದೇ ಗಲ್ಲಿಯ ಒಂದು ತುದಿಗೆ ಆಟೊ ನುಗ್ಗುತ್ತದೆ, ಇನ್ನೊಂದು ತುದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದೂ ಕಷ್ಟ. ಬಡಾವಣೆ ಮಾಡಿದಾಗ ಎಷ್ಟು ಅಡಿ ಬಿಟ್ಟಿದ್ದರು ಎಂಬುದಕ್ಕೆ ಕಾಗದದ ಆಧಾರ ಬೇಕು. ಕೈಯಲ್ಲಿರುವುದು ಈಗಿನ ಡೋರ್ ನಂಬರ್ ಮಾತ್ರ. ಎಲ್ಲಿಂದ ಶುರು ಮಾಡಬೇಕು? ಹಳೆಯ ನಕ್ಷೆಯ ಫೋಟೊ ಸಿಕ್ಕರೆ ಅದರ ಮೇಲೆ ಸ್ಕೇಲ್ ಇಟ್ಟು ಅಳೆಯಬಹುದೇ?

ಹಳೇಕಡತ:
"ಗಲ್ಲಿಯ ಕಡತ ಕೊಡಿ" ಎಂದು ಕೇಳಿದರೆ ಯಾವ ಕಚೇರಿಯಲ್ಲೂ ಸಿಗದು. ಆ ಕಾಗದ ಹುಟ್ಟಿದ್ದು ಯಾವ ಕಚೇರಿಯಲ್ಲಿ, ಯಾವ ವರ್ಷ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಪ್ಲೇಗ್ ಹಾವಳಿಯ ನಂತರ, 1903ರಲ್ಲಿ, ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಜಾಗ ಹಿಡಿದು, ರಸ್ತೆ ಬಿಡಿಸಿ, ಸೈಟು ಹಂಚಿದ್ದು ಬೋರ್ಡು. ಆಮೇಲೆ ಚರಂಡಿ, ದೀಪ, ಕಸ, ಕಂದಾಯ ನೋಡಿಕೊಂಡದ್ದು ಮುನಿಸಿಪಾಲಿಟಿ. ಹಾಗಾಗಿ ಗಲ್ಲಿಯನ್ನು *ಬಿಟ್ಟ* ದಾಖಲೆ ಒಂದು ಕಡೆ, *ಬಳಸಿದ* ದಾಖಲೆ ಇನ್ನೊಂದು ಕಡೆ. ಬೋರ್ಡು 1988ರಲ್ಲಿ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಆಯಿತು, ಮುನಿಸಿಪಾಲಿಟಿ 1977ರಲ್ಲಿ ನಗರಪಾಲಿಕೆ ಆಯಿತು. ಲೇಔಟ್ ನಕ್ಷೆ, ಹಂಚಿಕೆ ರಿಜಿಸ್ಟರ್ ಬೇಕಾದರೆ ಬೋರ್ಡಿನ ವಾರಸುದಾರ ಕಚೇರಿಗೆ ಹೋಗಿ. ಸಭಾ ನಡವಳಿ, ಕಂದಾಯದ ಡಿಮ್ಯಾಂಡ್ ರಿಜಿಸ್ಟರ್, ಚರಂಡಿ ಕಾಮಗಾರಿಯ ಅಂದಾಜುಪಟ್ಟಿ ಬೇಕಾದರೆ ಪಾಲಿಕೆಗೆ.

ಇವೆರಡರ ಮೇಲೆ ಸರ್ಕಾರ ಇತ್ತು. ಬೋರ್ಡಿನ ಯೋಜನೆಗೆ ಮಂಜೂರಾತಿ, ಸಾಲ, ಭೂಸ್ವಾಧೀನದ ಪತ್ರವ್ಯವಹಾರವೆಲ್ಲ ಮೈಸೂರು ಸರ್ಕಾರದ ಸೆಕ್ರೆಟರಿಯೇಟಿಗೆ ಹೋಗುತ್ತಿತ್ತು. ಆ ಕಡತಗಳಿಗೆ ರಾಜ್ಯ ಪತ್ರಾಗಾರ ಇಲಾಖೆ ನೋಡಿ. ಕೇಂದ್ರ ಕಚೇರಿ ವಿಧಾನಸೌಧದಲ್ಲಿದೆ, ಮೈಸೂರಿನಲ್ಲಿ ವಿಭಾಗೀಯ ಕಚೇರಿ ಇದೆ. ಸ್ಥಳೀಯವಾಗಿ ಕಳೆದುಹೋದ ನಕ್ಷೆಯ ಪ್ರತಿ ಮಂಜೂರಾತಿ ಕಡತದ ಕೊನೆಯಲ್ಲಿ ಮಡಚಿ ಹೊಲಿದಿರುವುದುಂಟು. ಅದಕ್ಕೇ ಕಡತವನ್ನು ಕೊನೆಯ ಹಾಳೆಯವರೆಗೂ ತಿರುವಿ.

ಮೊಹಲ್ಲಾ ಲೆಕ್ಕ:
ಮೇಲಿನ ಮಾತಿಗೆ ಎರಡು ಎಚ್ಚರಿಕೆ ಸೇರಿಸುತ್ತೇನೆ.

ಮೊದಲನೆಯದು ವರ್ಷದ ಲೆಕ್ಕ. ಹಳೆಯ ಮೈಸೂರು ಸಂಸ್ಥಾನದ ಆಡಳಿತ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತಿತ್ತು. 1924ರ ಮೇ ತಿಂಗಳ ಆದೇಶ ಇರುವುದು 1923-24ರ ಕಟ್ಟಿನಲ್ಲಿ. ಏಪ್ರಿಲ್‌ನಿಂದ ಲೆಕ್ಕ ಹಾಕಿ 1924-25ರ ಕಟ್ಟು ತರಿಸಿದರೆ ಒಂದು ದಿನ ಹಾಳು. ಏಪ್ರಿಲ್, ಮೇ, ಜೂನ್ ತಿಂಗಳ ಕಾಗದಗಳು "ಇಲ್ಲ" ಅನ್ನಿಸಿಕೊಳ್ಳುವುದು ಬಹುತೇಕ ಹೀಗೆಯೇ.

ಎರಡನೆಯದು ಡೋರ್ ನಂಬರ್. ಮನೆ ಸಂಖ್ಯೆಗಳು ಬದಲಾಗಿವೆ, ಈಗಿನ ನಂಬರ್ ಹಿಡಿದು ಹಳೆಯ ರಿಜಿಸ್ಟರ್ ತೆರೆದರೆ ಬೇರೆ ಬೀದಿಗೆ ಹೋಗುತ್ತೀರಿ. ಹೊಸದರಿಂದ ಹಳೆಯದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಈಗಿನ ಖಾತಾ ಹಿಡಿದು ಅದರ ಹಿಂದಿನ ರಿಜಿಸ್ಟರ್‌ಗೆ, ಅಲ್ಲಿಂದ ಅದರ ಹಿಂದಿನದಕ್ಕೆ. "ಹಳೆಯ ನಂಬರ್" ಕಾಲಂ ಇರುವ ಸಂಪುಟ ಸಿಕ್ಕಿತೆಂದರೆ ಅದೇ ಸೇತುವೆ. ಅದರಲ್ಲಿ ಮೊಹಲ್ಲಾ, ಬೀದಿ, ಎರಡೂ ಪಕ್ಕದ ಮನೆಗಳ ಹೆಸರು ಬರೆದುಕೊಳ್ಳಿ. ಸಂಖ್ಯೆ ತಪ್ಪಿದರೂ ನೆರೆಮನೆಯ ಹೆಸರು ದಾರಿ ತೋರಿಸುತ್ತದೆ. 1957ರ ಏಪ್ರಿಲ್‌ಗೆ ಮುಂಚಿನ ಪುಟಗಳಲ್ಲಿ ಕಂದಾಯ ರೂಪಾಯಿ-ಆಣೆ-ಪೈ ಲೆಕ್ಕದಲ್ಲಿರುತ್ತದೆ. 12–8–0 ಎಂದರೆ ಹನ್ನೆರಡೂವರೆ ರೂಪಾಯಿ, ಅಳತೆಯಲ್ಲ. ಅಡಿ-ಇಂಚಿನ ಕಾಲಂ ಪಕ್ಕದಲ್ಲೇ ಇದ್ದಾಗ ಇದು ಸುಲಭವಾಗಿ ಗೊಂದಲವಾಗುತ್ತದೆ.

ನೀಲಿನಕ್ಷೆ:
ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗಲ್ಲಿ ಅಳೆಯಬೇಡಿ. ಒಂದು ಇಂಚಿಗೆ 40 ಅಡಿಯ ನಕ್ಷೆ ಅಂದುಕೊಳ್ಳಿ. 10 ಅಡಿಯ ಗಲ್ಲಿ ಕಾಗದದ ಮೇಲೆ ಕಾಲು ಇಂಚು, ಅಂದರೆ 6.35 ಮಿ.ಮೀ. ಅಷ್ಟೆ. ಗೆರೆಯ ದಪ್ಪ ಅರ್ಧ ಮಿ.ಮೀ. ಇದ್ದರೆ ನೆಲದಲ್ಲಿ ಅದು ಒಂಬತ್ತು ಇಂಚಿಗಿಂತ ಹೆಚ್ಚು. ನಕ್ಷೆಯ ಪ್ರತಿ ಬರೆಯುವ ಟ್ರೇಸಿಂಗ್ ಬಟ್ಟೆ ಹವೆಗೆ ಹಿಗ್ಗಿ ಕುಗ್ಗುತ್ತದೆ. ಮೊಬೈಲ್ ಫೋಟೊದಲ್ಲಿ ಅಂಚುಗಳು ಬಾಗುತ್ತವೆ.

ಬದಲಿಗೆ ಬರೆದ ಸಂಖ್ಯೆಗಳನ್ನು ಓದಿ, ಕಳೆಯುವ ಲೆಕ್ಕ ಮಾಡಿ. ಎರಡು ಬೀದಿಗಳ ನಡುವಿನ ಬ್ಲಾಕಿನ ಆಳ 210 ಅಡಿ, ಎರಡೂ ಕಡೆಯ ಸೈಟಿನ ಆಳ ತಲಾ 100 ಅಡಿ ಎಂದು ಬರೆದಿದ್ದರೆ ಉಳಿದ 10 ಅಡಿಯೇ ಗಲ್ಲಿ. ಸೈಟಿನ ಆಳಕ್ಕೆ ಇನ್ನೊಂದು ಸಾಕ್ಷಿ ಮೊದಲ ಕ್ರಯಪತ್ರ. ಅದರ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ) "ಪಶ್ಚಿಮಕ್ಕೆ ಕನ್ಸರ್ವೆನ್ಸಿ" ಎಂದು ಇದ್ದರೆ ಬಹಳ ಬೆಲೆಯುಳ್ಳದ್ದು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಇಂಡೆಕ್ಸ್ 1 ಹೆಸರಿನದು, ಇಂಡೆಕ್ಸ್ 2 ಸ್ವತ್ತಿನದು. ಸ್ಥಿರಾಸ್ತಿಯ ಪತ್ರಗಳನ್ನು ದಾಖಲಿಸುವ ಒಂದನೇ ಪುಸ್ತಕದ ದೃಢೀಕೃತ ನಕಲನ್ನು ಯಾರು ಬೇಕಾದರೂ ಕೇಳಬಹುದು.

ನೆಲದಲ್ಲೂ ಗುರುತು ನೋಡಿ. ಹಿತ್ತಲ ಗೋಡೆಯಲ್ಲಿ, ನೆಲಮಟ್ಟದಲ್ಲಿ, ಇಟ್ಟಿಗೆ ತುಂಬಿ ಮುಚ್ಚಿದ ಚಿಕ್ಕ ಕಿಂಡಿ ಕಂಡರೆ ಅದು ಒಣ ಪಾಯಿಖಾನೆಯ (ನೀರಿಲ್ಲದ, ಕೈಯಿಂದ ಮಲ ತೆಗೆಯಬೇಕಿದ್ದ ಕಕ್ಕಸಿನ) ಹಿಂಬಾಗಿಲು. ಆ ಗೋಡೆ ಮುಂದಕ್ಕೆ ಸರಿದಿಲ್ಲ ಎಂದೇ ಹಿಡಿಯಬಹುದು. ಎದುರಿನ ಗೋಡೆಯಲ್ಲೂ ಅಂಥದ್ದೇ ಸಿಕ್ಕರೆ ನಡುವಿನ ಅಳತೆಯೇ ಮೂಲ ಅಗಲ. ಆ ಕಿಂಡಿಯ ಮುಂದೆ ಬಗ್ಗಿ ಕೆಲಸ ಮಾಡಿದವರ ಹೆಸರಿದ್ದ ಹಾಜರಿ ಪಟ್ಟಿಗಳು ಅಲ್ಪಾವಧಿ ದಾಖಲೆಗಳೆಂದು ಬೇಗ ನಾಶವಾಗುತ್ತವೆ. ಒಂದೇ ಒಂದು ಸಿಕ್ಕರೂ ದಯವಿಟ್ಟು ದಾಖಲಿಸಿ, ಗಲ್ಲಿಯ ಚರಿತ್ರೆಯಲ್ಲಿ ಅವರೇ ಮುಖ್ಯ.

ನೀಲಿ ನಕ್ಷೆ ಕೈಗೆ ಬಂದರೆ ಬಿಸಿಲಿಗೆ, ಫ್ಲ್ಯಾಶ್‌ಗೆ ಒಡ್ಡಬೇಡಿ, ಬಣ್ಣ ಮಾಸುತ್ತದೆ. ಆಮ್ಲ ತೆಗೆಯಲು ಸುಣ್ಣದಂಶ ಸೇರಿಸಿದ ಕಾಗದದಲ್ಲಿ ಸುತ್ತಿಡಬೇಡಿ, ಕ್ಷಾರ ತಾಗಿದರೆ ಆ ನೀಲಿಯೇ ಹೋಗುತ್ತದೆ. ಟ್ರೇಸಿಂಗ್ ಬಟ್ಟೆಗೆ ಗಂಜಿ ಹಾಕಿರುತ್ತಾರೆ, ಒದ್ದೆ ಬೆರಳು ತಾಗಿದರೂ ಕಲೆ ಉಳಿಯುತ್ತದೆ. ಮಡಿಕೆಯನ್ನು ಒತ್ತಿ ಬಿಡಿಸಬೇಡಿ. ಹರಿದಿದ್ದರೆ ಸೆಲ್ಲೊಟೇಪ್ ಮಾತ್ರ ಬೇಡವೇ ಬೇಡ.

ಹಿತ್ತಲಬಾಗಿಲು:
ತುಂಬಾ ಉಪಕಾರ. "ಕಡತ ಲಭ್ಯವಿಲ್ಲ" ಎಂಬ ಹಿಂಬರಹ ಬಂದರೆ? ಮಂಡ್ಯ ಪೇಟೆಯ ಹಳೆಯ ಗಲ್ಲಿಗಳಿಗೂ ಇದೇ ದಾರಿಯೇ?

ಹಳೇಕಡತ:
ಮಂಡ್ಯ ಜಿಲ್ಲೆ ಆದದ್ದು 1939ರ ಜುಲೈ 1ಕ್ಕೆ. ಅದಕ್ಕೂ ಹಿಂದಿನ ಮೇಲ್ಮಟ್ಟದ ಪತ್ರವ್ಯವಹಾರವನ್ನು ಮೈಸೂರು ಜಿಲ್ಲೆಯ ಹೆಸರಿನಲ್ಲಿ ಹುಡುಕಿ.

"ಲಭ್ಯವಿಲ್ಲ" ಎಂಬುದು ಪೂರ್ತಿ ಉತ್ತರವಲ್ಲ. ಕಡತ ಮುಗಿಸುವಾಗ ವರ್ಗ ಹಾಕಿರುತ್ತಾರೆ: ಎ ಶಾಶ್ವತ, ಬಿ 30 ವರ್ಷ, ಸಿ 10, ಡಿ 5, ಇ 1. ಆರ್‌ಟಿಐ ಅರ್ಜಿಯಲ್ಲಿ ಕಡತದ ವರ್ಗ, ನಾಶಪಡಿಸಿದ್ದರೆ ನಾಶದ ವಹಿಯ ಆ ಪುಟ, ಬೇರೆಡೆ ಕಳಿಸಿದ್ದರೆ ರವಾನೆ ಪಟ್ಟಿಯ ನಕಲು, ಈ ಮೂರನ್ನೇ ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಗಲ್ಲಿಗೊಂದು ಅರ್ಜಿ ಹಾಕಿ, ಹತ್ತು ಗಲ್ಲಿ ಸೇರಿಸಿದರೆ ತಿರಸ್ಕಾರಕ್ಕೆ ನೆಪ ಸಿಗುತ್ತದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಕಾಗದ ಸಿಕ್ಕಾಗ ಬರೀ ಜೆರಾಕ್ಸ್ ತೆಗೆದುಕೊಂಡು ಬರಬೇಡಿ. ನಿಜಪ್ರತಿ ಎಂಬ ಷರಾ, ದಿನಾಂಕ, ಅಧಿಕಾರಿಯ ಹೆಸರು, ಹುದ್ದೆ, ಮೊಹರು ಇರುವ ದೃಢೀಕೃತ ನಕಲು ಕೇಳಿ. ಅದರ ಹಿಂದೆ ಪೆನ್ಸಿಲ್‌ನಲ್ಲಿ ಇಲಾಖೆ, ಕಡತ ಸಂಖ್ಯೆ, ವರ್ಷ, ಸೀರಿಯಲ್ ಸಂಖ್ಯೆ ಬರೆದಿಡಿ. ನಾಳೆ ಇನ್ನೊಬ್ಬರು ಅದೇ ಕಟ್ಟನ್ನು ತರಿಸಬೇಕಾದರೆ ಈ ನಾಲ್ಕೂ ಬೇಕು.