ಅರ್ಜಿಯಲ್ಲಿ ಯಾವ ಸಾಲು ಬರೆಯಬೇಕು?

ಪ್ರಶ್ನೆ (ಹೊಸನಗರ ತಾಲೂಕಿನ ತಾಯಿ): ನಮಸ್ಕಾರ ಮೇಷ್ಟ್ರೇ. ಮಗಳು 2025ರ ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ, ಅದೇ ಮಳೆಗಾಲಕ್ಕೆ ಪಿಯುಸಿ ಸೇರಿದಳು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ಶೈಕ್ಷಣಿಕ ವರ್ಷ’ ಅಂತ ಎರಡು ಕಡೆ ಇದೆ, ಹತ್ತನೇ ಕ್ಲಾಸಿಗೆ ಒಂದು, ಪಿಯುಸಿಗೆ ಒಂದು. ಎರಡಕ್ಕೂ 2025 ಅಂತ ಬರೆಯಲು ಹೋದರೆ ಸೈಬರ್‌ನವರು ಬೇಡ ಅಂದರು. ಏನು ಬರೆಯಲಿ?

ಉತ್ತರ (ನಿವೃತ್ತ ಮುಖ್ಯ ಶಿಕ್ಷಕರು, ತೀರ್ಥಹಳ್ಳಿ): ಅವರು ಹೇಳಿದ್ದು ಸರಿ ಅಮ್ಮಾ. ಹತ್ತನೇ ಕ್ಲಾಸಿಗೆ 2024-25, ಪ್ರಥಮ ಪಿಯುಸಿಗೆ 2025-26.

ನಮ್ಮ ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆಗೆ ಬಾಗಿಲು ತೆರೆಯುತ್ತವೆ. ದಸರಾ ರಜೆಯ ಹೊತ್ತಿಗೆ ಮೊದಲ ಅವಧಿ ಮುಗಿದು, ಮುಂದಿನ ಏಪ್ರಿಲ್ ಹತ್ತರ ಸುಮಾರಿಗೆ ವರ್ಷ ಮುಗಿಯುತ್ತದೆ. ನಡುವೆ ಜನವರಿ ಬಂದು ಇಸವಿ ಬದಲಾದರೂ ಮಗು ಅದೇ ತರಗತಿಯಲ್ಲಿರುತ್ತದೆ. ಅದಕ್ಕೇ ಎರಡೂ ಇಸವಿ ಸೇರಿಸಿ ‘ಇಂಥ ಸಾಲು’ ಅನ್ನುವುದು. ಆದರೆ ‘ಉತ್ತೀರ್ಣರಾದ ವರ್ಷ’ ಅಂತ ಕೇಳಿದ ಕಡೆ ಅಂಕಪಟ್ಟಿಯಲ್ಲಿರುವ 2025 ಮಾತ್ರ ಬರೆಯಿರಿ. ಆರ್ಥಿಕ ವರ್ಷದ ಲೆಕ್ಕ ಬೇರೆಯೇ, ಅದು ಏಪ್ರಿಲ್ 1ರಿಂದ ಮಾರ್ಚ್ 31. ಆದಾಯದ ಕಾಲಂನಲ್ಲಿ ಅದನ್ನು ಕೇಳಿರುತ್ತಾರೆ, ಬೆರೆಸಬೇಡಿ.

ಪ್ರಶ್ನೆ (ಸಾಗರದಿಂದ): ಸರ್, ನಮ್ಮ ಅಣ್ಣನ ಮಗ 2024ರಲ್ಲಿ ಪರೀಕ್ಷೆ-2 ಬರೆದು ಪಾಸಾದ. ಅದು ನಡೆದದ್ದು ಜೂನ್‌ನಲ್ಲಿ. ಅವನದು 2024-25 ಆಗುತ್ತದಾ?

ಉತ್ತರ: ಇಲ್ಲ. ಜೂನ್‌ನಲ್ಲಿ ಕೂತು ಬರೆದರೂ ಅವನು ಹತ್ತನೇ ಕ್ಲಾಸು ಓದಿದ್ದು 2023-24ರಲ್ಲಿ, ಸಾಲು ಅದೇ. ಮೊದಲ ಸಲಕ್ಕೆ ಪಾಸಾಗದ ಮಕ್ಕಳು ಈ ಗೊಂದಲದಲ್ಲೇ ಅರ್ಜಿ ಬಿಡುತ್ತಾರೆ, ನನಗೆ ಅದು ಬಹಳ ಬೇಸರದ ಸಂಗತಿ. ದಯವಿಟ್ಟು ಅವನಿಂದ ಅರ್ಜಿ ಹಾಕಿಸಿ.

ಪ್ರಶ್ನೆ (ಆಗುಂಬೆ ಕಡೆಯವರು): ಜುಲೈನಲ್ಲಿ ಇಷ್ಟು ಮಳೆ ರಜೆ ಕೊಡುತ್ತಾರಲ್ಲ, ಅಷ್ಟು ದಿನ ಶಾಲೆ ಬೇಸಿಗೆಗೆ ಮುಂದೆ ಹೋಗುತ್ತದಾ?

ಉತ್ತರ: ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಶನಿವಾರ ಮಧ್ಯಾಹ್ನ ಅಥವಾ ಭಾನುವಾರ ತರಗತಿ ನಡೆಸಿ ಸರಿದೂಗಿಸುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದು ಸಾಲಿನಲ್ಲಿ ಐದನೇ ತರಗತಿವರೆಗೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ಹಳ್ಳ ದಾಟಿ ಬರುವ ಮಕ್ಕಳಿರುವ ನಮ್ಮ ಕಡೆ ಮಳೆ ರಜೆ ಬೇಕೇ ಬೇಕು. ಆದರೆ ಆ ಭಾನುವಾರ ‘ರಜೆ ದಿನ ಎಂಥ ಶಾಲೆ’ ಅಂತ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ತಪ್ಪಿದ ಪಾಠ ಮಾಡುವುದು ಅವತ್ತೇ.